ಕಣ್ಣು ತೋರಿಸಲಿ, ಕೈ ಹೇಳಲಿ

ಕೇಳುಗರೇ, ನಮಸ್ಕಾರ.

ಇನ್ನೂ ಕಟ್ಟದ ಕಾರ್ಖಾನೆಯೊಳಗೆ ಈಗ ಓಡಾಡಬಹುದು. ಕಂಪ್ಯೂಟರ್ ಕಟ್ಟಿದ ಲೋಕವನ್ನು ಕಣ್ಣ ಮುಂದೆ ತೋರಿಸುವ ವಿಆರ್ ಹೆಡ್‌ಸೆಟ್ಟನ್ನು ತಲೆಗೆ ಹಾಕಿಕೊಂಡರೆ ಮಷೀನು, ಕನ್ವೇಯರ್ ಬೆಲ್ಟು, ರೋಬೋಟ್ ತೋಳು ಎಲ್ಲವೂ ಎದುರಿಗೇ ಇರುತ್ತವೆ. ತೋಳು ಕಂಬಕ್ಕೆ ತಾಗುತ್ತದೆಯೇ, ಕೆಲಸಗಾರನ ಕೈ ಬೋಲ್ಟಿಗೆ ಎಟಕುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಬಹುದು. ಆದರೆ ದೂರದ ಭಾಗವನ್ನು ಆರಿಸಬೇಕಾದರೆ ಕಂಟ್ರೋಲರ್ ಹಿಡಿದು ತೋಳು ಚಾಚಿ ಗುರಿ ಇಡಬೇಕು. ಸ್ವಲ್ಪ ಹೊತ್ತಿಗೆಲ್ಲ ಭುಜ ನೋಯುತ್ತದೆ. ಎರಡೂ ಕೈಯಲ್ಲಿ ಒಂದು ಭಾಗ ಹಿಡಿದಿದ್ದರಂತೂ ತೋರಿಸೋದು ಹೇಗೆ? ಅದಕ್ಕೇ ಕಣ್ಣನ್ನು ಬಳಸುವ ಯೋಚನೆ.

ಹೆಡ್‌ಸೆಟ್ಟಿನೊಳಗೆ ಸಣ್ಣ ಇನ್‌ಫ್ರಾರೆಡ್ ದೀಪಗಳಿರುತ್ತವೆ. ಆ ಬೆಳಕು ನಮಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮೇಲೆ ಚುಕ್ಕಿಯಾಗಿ ಹೊಳೆಯುತ್ತದೆ. ಪುಟ್ಟ ಕ್ಯಾಮೆರಾ ಆ ಹೊಳಪನ್ನೂ ಪಾಪೆಯ ನಡುವನ್ನೂ ಹಿಡಿಯುತ್ತದೆ. ಕಣ್ಣು ಹೊರಳಿದಾಗ ಅವೆರಡರ ಅಂತರ ಬದಲಾಗುತ್ತದೆ. ಅದರಿಂದಲೇ ನೋಟ ಎತ್ತ ಅನ್ನುವ ಲೆಕ್ಕ. ಎಲ್ಲರ ಕಣ್ಣೂ ಒಂದೇ ತರ ಇರಲ್ವಲ್ಲ, ಹಾಗಾಗಿ ಮೊದಲು ಕೆಲವು ಚುಕ್ಕಿಗಳನ್ನು ನೋಡಿಸಿ ಹೊಂದಿಸಿಕೊಳ್ಳುತ್ತಾರೆ.

ಇಷ್ಟಾದರೂ 1 ಡಿಗ್ರಿಯಷ್ಟು ಆಚೀಚೆ ಆಗಬಹುದು. 1 ಮೀಟರ್ ದೂರದಲ್ಲಿ ಅದು ಸುಮಾರು 1.7 ಸೆಂಟಿಮೀಟರ್. ಎಂ 6, ಅಂದರೆ 6 ಮಿಲಿಮೀಟರ್ ದಪ್ಪದ ಬೋಲ್ಟಿನ ತಲೆ ಇರುವುದೇ 1 ಸೆಂಟಿಮೀಟರ್! ಪಕ್ಕಪಕ್ಕದ ಎರಡು ಬೋಲ್ಟುಗಳಲ್ಲಿ ಯಾವುದನ್ನು ನೋಡಿದಿರಿ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ನೋಡಿದ ಜಾಗವನ್ನು ದೊಡ್ಡದು ಮಾಡಿ ತೋರಿಸಬೇಕು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಣ್ಣು ಇರುವುದು ನೋಡೋದಕ್ಕೆ. ನೋಡಿದ್ದೆಲ್ಲ ಆಜ್ಞೆಯಾದರೆ ಗತಿಯೇನು? ಮುಟ್ಟಿದ್ದೆಲ್ಲ ಚಿನ್ನವಾಗಿ ಕಂಗೆಟ್ಟ ಮೈಡಾಸ್ ದೊರೆಯ ಹೆಸರನ್ನೇ ಅಮೆರಿಕದ ಸಂಶೋಧಕ ರಾಬರ್ಟ್ ಜೇಕಬ್ 1990ರಲ್ಲಿ ಈ ತೊಡಕಿಗೆ ಕೊಟ್ಟರು. ಅರ್ಧ ಸೆಕೆಂಡು, ಒಂದು ಸೆಕೆಂಡು ನೋಟ ನಿಂತರೆ ಮಾತ್ರ ಒತ್ತಿದಂತೆ ಅನ್ನುವುದು ಒಂದು ಉಪಾಯ. ಮೆನು ಆರಿಸಲು ಅದು ಸಾಕು. ಆದರೆ ಬೆಸುಗೆಯಲ್ಲಿ ಬಿರುಕು ಹುಡುಕುವವರು ಒಂದೇ ಕಡೆ ದಿಟ್ಟಿಸಿ ನೋಡಲೇಬೇಕು, ಅಲ್ವಾ? ಹಾಗಾಗಿ ಕಣ್ಣು ತೋರಿಸಲಿ, 'ಹೂಂ' ಅನ್ನುವ ಕೆಲಸ ಕೈಗಿರಲಿ ಅನ್ನುತ್ತೇನೆ ನಾನು. 2024ರಲ್ಲಿ ಬಂದ ಆಪಲ್ ವಿಷನ್ ಪ್ರೋ ಹೆಡ್‌ಸೆಟ್ಟಿನಲ್ಲಿ ಇರುವುದೂ ಇದೇ ದಾರಿ: ನೋಡು, ಬೆರಳು ಚಿವುಟು. ಕೈ ಖಾಲಿ ಇಲ್ಲದಾಗ ಕಾಲಡಿಯ ಪೆಡಲ್ ಆದೀತು.

ಎಮರ್ಜೆನ್ಸಿ ಸ್ಟಾಪ್ ಅನ್ನು ಮಾತ್ರ ಕಣ್ಣಿಗೆ ಒಪ್ಪಿಸಲೇಬಾರದು. ಅಪಾಯ ಬಂದಾಗ ನೋಟ ಓಡುವುದು ಅಪಾಯದ ಕಡೆಗೆ, ಕೆಂಪು ಬಟನ್ ಕಡೆಗಲ್ಲ. ಅಲ್ಲಿ ಕೈಗೆ ಸಿಗುವ ನಿಜವಾದ ಗುಂಡಿಯೇ ಬೇಕು. ಕಲಿಕೆಗೂ ಅದೇ ಒಳ್ಳೆಯದು. ಹೆಡ್‌ಸೆಟ್ಟಿನಲ್ಲಿ ಬಿದ್ದ ರೂಢಿಯನ್ನೇ ನಾಳೆ ನಿಜವಾದ ಮಷೀನಿನ ಮುಂದೆಯೂ ಕೈ ಅನುಸರಿಸುತ್ತದೆ.

ಬೆಲ್ಟಿನ ಮೇಲೆ ಸಾಗುವ ಭಾಗಗಳ ವಿಷಯ ನನಗೆ ಬಹಳ ಇಷ್ಟ. ಎದುರಿನ ಗೋಡೆಯ ಮೇಲೆ ಕಣ್ಣನ್ನು ಸುಮ್ನೆ ನಯವಾಗಿ ಜಾರಿಸಲು ನೋಡಿ. ಆಗುವುದಿಲ್ಲ, ಅದು ಜಿಗಿಜಿಗಿದು ಹೋಗುತ್ತದೆ. ಚಲಿಸುವ ವಸ್ತು ಸಿಕ್ಕರೆ ಮಾತ್ರ ಅದರ ಹಿಂದೆ ನಯವಾಗಿ ಹೋಗುತ್ತದೆ. ಹಾಗಾಗಿ ಕಣ್ಣಿನ ಓಟ ಯಾವ ಭಾಗದ ಓಟಕ್ಕೆ ಹೊಂದುತ್ತದೋ ಅದನ್ನೇ ನೀವು ಆರಿಸಿದ್ದು ಅಂತ ಯಂತ್ರ ತಿಳಿಯಬಹುದು.

ತರಬೇತಿಯಲ್ಲಿ ಇನ್ನೊಂದು ಲಾಭ. ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಮಷೀನು ಲೇತ್. ಆ ತುಂಡನ್ನು ಹಿಡಿಯುವ ಭಾಗ ಚಕ್, ಅದನ್ನು ಬಿಗಿಮಾಡುವ ಕೀಲಿ ಚಕ್ ಕೀ. ಲೇತ್ ಚಾಲೂ ಮಾಡುವ ಮೊದಲು ಆ ಕೀ ತೆಗೆದಿರಬೇಕು. ಮರೆತರೆ ಅದು ಗುಂಡಿನಂತೆ ಸಿಡಿದು ಹಾರಬಹುದು. ಹುಡುಗಿಯೊಬ್ಬಳು ಸ್ವಿಚ್ ಒತ್ತುವ ಮೊದಲು ಚಕ್ ಕಡೆ ನೋಡಿದಳೇ ಅನ್ನುವುದು ಹೆಡ್‌ಸೆಟ್ ಇಟ್ಟುಕೊಂಡ ನೋಟದ ದಾಖಲೆಯಲ್ಲಿ ಕಾಣುತ್ತದೆ. ನೋಡಿದ ಮಾತ್ರಕ್ಕೆ ಕೀ ಗಮನಕ್ಕೆ ಬಂತು ಅಂತೇನಿಲ್ಲ. ಅದನ್ನು ಅವಳನ್ನೇ ಕೇಳಬೇಕು. ಕಲಿಸುವವರು ಅವಳ ಪಕ್ಕದಲ್ಲೇ ಕೂತು ಆ ದಾಖಲೆ ನೋಡಲಿ. ಎಲ್ಲೆಲ್ಲಿ ಕಣ್ಣು ಹಾಯಿಸಿದಳು ಅನ್ನುವ ಲೆಕ್ಕ ಅವಳ ಸಂಬಳ, ಬಡ್ತಿಯ ಕಡತಕ್ಕೆ ಹೋಗಕೂಡದು. ಕಲಿಕೆ ಮುಗಿದ ಮೇಲೆ ಅದನ್ನು ಅಳಿಸಿಬಿಡಬೇಕು.