ಬೆರಳಿಗೆ ಗೊತ್ತಿರುವ ದಾರಿ

ನಮಸ್ಕಾರ. ಮೊನ್ನೆ ಮಂಗಳವಾರ ಮಧ್ಯಾಹ್ನ ನಡೆದದ್ದು ಹೇಳುತ್ತೇನೆ. ನಾನು ಮನೆಯಲ್ಲೇ ಕೂತು ಅನುವಾದ ಮಾಡುವವನು. ಅವತ್ತು ಕೈಯಲ್ಲಿದ್ದದ್ದು ಒಂದು ಇನ್ಶೂರೆನ್ಸ್ ಪಾಲಿಸಿ. ಇಂಗ್ಲಿಷಿನಲ್ಲಿ ಆರು ಸಾಲಿಗೆ ಒಂದೇ ವಾಕ್ಯ. ಯಾರು ಯಾರಿಗೆ ಏನು ಕೊಡಬೇಕು ಅಂತ ಹುಡುಕುವುದರಲ್ಲೇ ಸುಸ್ತು. ಎರಡು ಸಲ ಓದಿದೆ. ಮೂರನೇ ಸಲ ಓದೋಣ ಅಂತ ಕಣ್ಣೆತ್ತಿದರೆ, ಎದುರಿಗೆ ಕ್ರಿಕೆಟ್ ಸ್ಕೋರ್ ಪುಟ ತೆರೆದುಕೊಂಡಿದೆ.

ಅವತ್ತು ಮ್ಯಾಚೇ ಇರಲಿಲ್ಲ.

ತೆರೆದದ್ದು ನಾನೇ. ಕಂಟ್ರೋಲ್ ಟಿ, ಸಿ, ಎಂಟರ್. ಮೂರು ಒತ್ತು. ಒಂದಕ್ಷರ ಹೊಡೆದರೆ ಸಾಕು, ಉಳಿದದ್ದನ್ನು ಬ್ರೌಸರೇ ತುಂಬಿಸಿಬಿಡುತ್ತೆ. ಹಿಸ್ಟರಿ ತೆಗೆದು ಎಣಿಸಿದೆ. ಬೆಳಗ್ಗೆಯಿಂದ 31 ಸಲ ಅಲ್ಲಿಗೆ ಹೋಗಿ ಬಂದಿದ್ದೇನೆ. ಅದರಲ್ಲಿ ನೆನಪಿರುವುದು ಎರಡೋ ಮೂರೋ.

ಇಂಥದ್ದು ಹೇಳಿದರೆ ಜನ ತಕ್ಷಣ, ‘ಮನಸ್ಸು ಗಟ್ಟಿ ಮಾಡ್ಕೋಬೇಕು’ ಅನ್ನುತ್ತಾರೆ. ನಾನು ಒಪ್ಪಲ್ಲ. ಮನಸ್ಸು ಈ ವ್ಯವಹಾರದಲ್ಲಿ ಇರಲೇ ಇಲ್ಲವಲ್ಲ! ಹೋಗಿದ್ದು ಬೆರಳು. ಹೋಗಿದ್ದು ಯಾವಾಗ ಅಂತಲೂ ನೋಡಿ: ವಾಕ್ಯ ಸಲೀಸಾಗಿ ಸಾಗುವಾಗ ಅಲ್ಲ, ಅರ್ಥವಾಗದೆ ತಡವರಿಸಿದಾಗ. ಕಷ್ಟದ ಜಾಗ ಬಂದ ಕೂಡಲೇ ಬೆರಳು ತನಗೆ ಗೊತ್ತಿರುವ ದಾರಿ ಹಿಡಿಯುತ್ತೆ. ಬಸ್ ಸ್ಟಾಂಡಿಗೆ ಹೊರಟವನು ಹಳೆ ಅಭ್ಯಾಸದಲ್ಲಿ ಆಫೀಸಿನ ಕಡೆ ತಿರುಗಿಬಿಡುತ್ತಾನಲ್ಲ, ಹಾಗೆ.

ಹೋದ ಮೇಲೆ ವಾಪಸ್ ಬರುವುದೂ ಸುಲಭ ಅಲ್ಲ. ಕೆಳಗೆ ಎಳೆದಷ್ಟೂ ಬರುತ್ತಲೇ ಇರುವ ಪುಟ ಇದೆಯಲ್ಲ, ಅದನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್. ಮುಂದೆ ಅದಕ್ಕಾಗಿ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ನನಗೆ ಮದುವೆ ಮನೆ ಪಂಕ್ತಿ ನೆನಪಾಗುತ್ತೆ. ಬೇಡ ಬೇಡ ಅಂದರೂ ಬಡಿಸುತ್ತಾರೆ, ನಿಜ. ಆದರೆ ಅಲ್ಲಿ ಮಜ್ಜಿಗೆ ಬಂತು ಅಂದರೆ ಊಟ ಮುಗೀತು, ಏಳಬಹುದು. ಈ ಪುಟಗಳಲ್ಲಿ ಮಜ್ಜಿಗೆ ಬರುವುದೇ ಇಲ್ಲ.

ನಾನು ಮೊದಲು ಮಾಡಿದ್ದು ಬೀಗ ಹಾಕುವ ಕೆಲಸ. ವಿಂಡೋಸ್‌ನಲ್ಲಿ ಹೋಸ್ಟ್ಸ್ ಅಂತ ಒಂದು ಪುಟ್ಟ ಫೈಲ್ ಇದೆ. ಅದರಲ್ಲಿ 127.0.0.1 ಅಂತ ಬರೆದು ಪಕ್ಕದಲ್ಲಿ ಸೈಟಿನ ಹೆಸರು ಹಾಕಬೇಕು. ಆ ನಂಬರ್ ಅಂದರೆ ನಮ್ಮದೇ ಕಂಪ್ಯೂಟರ್. ಆಮೇಲೆ ಆ ಸೈಟಿಗೆ ಹೊರಟರೆ ಪಾಪ, ಕಂಪ್ಯೂಟರ್ ತನ್ನ ಮನೆ ಬಾಗಿಲನ್ನೇ ತಟ್ಟಿಕೊಂಡು ನಿಲ್ಲುತ್ತೆ. ಒಳ್ಳೆ ಉಪಾಯ. ನಾಲ್ಕು ದಿನ ನಡೆಯಿತು. ಐದನೇ ದಿನ ಆ ಸಾಲಿನ ಮುಂದೆ ಒಂದು ಹ್ಯಾಶ್ (#) ಹಾಕಿದೆ. ಹ್ಯಾಶ್ ಇರುವ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ, ಬೀಗ ತೆರೆಯಿತು. ಬೀಗದ ಕೈ ನನ್ನ ಜೇಬಲ್ಲೇ ಇತ್ತಲ್ವಾ! ಕೊನೆಗೆ ಬೀಗ ಹಾಕೋದು ತೆಗೆಯೋದೇ ಒಂದು ಕೆಲಸ ಆಯ್ತು. ಅದರಲ್ಲಿ ನಾನೀಗ ಭಾರಿ ಪಳಗಿದ್ದೇನೆ.

ಅದಕ್ಕೇ ನನ್ನ ಮಾತು ಇಷ್ಟೇ: ಬೀಗ ಬೇಡ, ತಡ ಬೇಕು. ಬಾಗಿಲು ತೆರೆದೇ ಇರಲಿ, ಆದರೆ ನಿಧಾನಕ್ಕೆ ತೆರೆಯಲಿ.

ಲೀಚ್‌ಬ್ಲಾಕ್ ಅಂತ, ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಉಚಿತ ಎಕ್ಸ್‌ಟೆನ್ಶನ್ ಇದೆ. ಅದರಲ್ಲಿ ಸೈಟನ್ನು ಪೂರ್ತಿ ತಡೆಯುವ ಬದಲು, ಇಷ್ಟು ಸೆಕೆಂಡ್ ಕಾಯಿಸು ಅಂತಲೂ ಹೇಳಬಹುದು. ನಾನು 40 ಇಟ್ಟಿದ್ದೇನೆ. ಪರದೆಯ ಮೇಲೆ ಅಂಕಿ ಇಳಿಯುತ್ತೆ. 40, 39, 38. ಸುಮಾರು 30ಕ್ಕೆ ಬರುವಷ್ಟರಲ್ಲಿ ಬೆರಳಿನ ಜಾಗಕ್ಕೆ ಮನಸ್ಸು ಬಂದು ಕೂರುತ್ತೆ. ‘ಇವತ್ತು ಮ್ಯಾಚ್ ಇದೆಯಾ?’ ಅಂತ ಕೇಳುತ್ತೆ. ಇಲ್ಲ ಅಂತ ಗೊತ್ತಾದರೆ ಟ್ಯಾಬ್ ಮುಚ್ಚುತ್ತೇನೆ. ಇದೆ ಅಂದರೆ? ಕಾದು ನೋಡುತ್ತೇನೆ ಬಿಡಿ, ನಾನೇನು ಸನ್ಯಾಸಿ ಅಲ್ಲ.

ಕಂಪ್ಯೂಟರ್ ಪ್ರೋಗ್ರಾಮರ್‌ಗಳು ಜಾಸ್ತಿ ಓದುವ ಹ್ಯಾಕರ್ ನ್ಯೂಸ್ ಸೈಟಿನಲ್ಲಂತೂ ಈ ಸೌಲಭ್ಯ ಅವರೇ ಇಟ್ಟಿದ್ದಾರೆ. ಪ್ರೊಫೈಲ್‌ನಲ್ಲಿ ಒಂದು ಆಯ್ಕೆ ಆನ್ ಮಾಡಿದರೆ, 20 ನಿಮಿಷ ಓದಿದ ಮೇಲೆ 180 ನಿಮಿಷ ಒಳಗೆ ಬಿಡುವುದಿಲ್ಲ. ನಿಮಿಷದ ಲೆಕ್ಕ ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಬಂದ ಗಿರಾಕಿಯನ್ನು ‘ಸಾಕು, ಕೆಲಸ ನೋಡ್ಕೊಳ್ಳಪ್ಪ’ ಅಂತ ಕಳಿಸುವ ಅಂಗಡಿ! ಎಲ್ಲ ಸೈಟಿನವರೂ ಹೀಗಿದ್ದಿದ್ದರೆ ನಾನು ಈ ಎಪಿಸೋಡ್ ಮಾಡುತ್ತಿರಲಿಲ್ಲ.

ಇನ್ನೊಂದು ಸಣ್ಣ ವಿಷಯ. ಅಡ್ರೆಸ್ ಬಾರ್‌ನಲ್ಲಿ ಒಂದಕ್ಷರ ಹೊಡೆದಾಗ ಕೆಳಗೆ ಸೈಟಿನ ಹೆಸರು ಬರುತ್ತಲ್ಲ, ಬಾಣದ ಕೀಲಿಯಿಂದ ಅದರ ಮೇಲೆ ಹೋಗಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಕ್ರೋಮ್‌ನಲ್ಲಿ ಆ ಸಲಹೆ ಹೊರಟುಹೋಗುತ್ತೆ. ಜತೆಗೆ ಲಾಗೌಟ್ ಮಾಡಿ, ಪಾಸ್‌ವರ್ಡ್ ಸೇವ್ ಮಾಡಬೇಡಿ. ಪೂರ್ತಿ ಹೆಸರು, ಪೂರ್ತಿ ಪಾಸ್‌ವರ್ಡ್ ಹೊಡೆಯುವಷ್ಟು ತಾಳ್ಮೆ ಬೆರಳಿಗಿಲ್ಲ. ಇದನ್ನು ಆಗಾಗ ಮತ್ತೆ ಮಾಡಬೇಕಾಗುತ್ತೆ, ಬ್ರೌಸರ್ ಬೇಗ ಕಲಿಯುತ್ತೆ.

ಪಕ್ಕದಲ್ಲೊಂದು ಹಾಳೆಯನ್ನೂ ಇಟ್ಟುಕೊಂಡಿದ್ದೇನೆ, ಹಳೆ ಕರೆಂಟ್ ಬಿಲ್ಲಿನ ಹಿಂಬದಿ. ಏನಾದರೂ ನೋಡಬೇಕು ಅನ್ನಿಸಿದರೆ ಅದರಲ್ಲಿ ಬರೆಯುತ್ತೇನೆ, ಸಂಜೆ ಒಟ್ಟಿಗೆ ನೋಡುತ್ತೇನೆ. ಈ ಸ್ಕ್ರಿಪ್ಟ್ ಬರೆಯುವಾಗ ನಾಲ್ಕು ಸಾಲು ಬಿದ್ದವು. ಮಿಕ್ಸಿ ಜಾರಿನ ರೇಟು. ಹಳೇ ಕ್ಲಾಸ್‌ಮೇಟ್ ಒಬ್ಬ ಈಗ ಎಲ್ಲಿದ್ದಾನೆ. ಹಲಸಿನ ಬೀಜ ಎಷ್ಟು ದಿನ ಇಡಬಹುದು. ನಾಲ್ಕನೆಯದು ಸ್ಕೋರ್. ಇವತ್ತು ನಿಜವಾಗಿಯೂ ಮ್ಯಾಚ್ ಇತ್ತು.

ಆರು ಗಂಟೆಗೆ ತೆಗೆದೆ. 40 ಸೆಕೆಂಡ್ ಕಾದೆ. ಮಳೆ ಬಂದು ಆಟ ನಿಂತಿತ್ತು.