ಕೋಟಿ ರೂಪಾಯಿ ಡಿಫೆಂಡರ್, ನೂರೈವತ್ತು ರೂಪಾಯಿ ಪಂಕ್ಚರ್

ಈ ವಿಡಿಯೋಗೆ ಧ್ವನಿ ಆಮೇಲೆ ಸೇರಿಸುತ್ತಿದ್ದೇನೆ. ಗಾಡಿಯಲ್ಲಿ ಕೂತು ಮಾತಾಡಿದ್ದೆಲ್ಲ ಮಳೆ ಸದ್ದಿನಲ್ಲಿ, ವೈಪರ್ ಸದ್ದಿನಲ್ಲಿ, ಜೊತೆಗೆ ನಮ್ಮ ಅಕ್ಕ ಚಕ್ಕುಲಿ ಕಡಿಯುವ ಸದ್ದಿನಲ್ಲಿ ಮುಳುಗಿಹೋಗಿದೆ.

ಮೊದಲೇ ಹೇಳಿಬಿಡುತ್ತೇನೆ, ಗಾಡಿ ನನ್ನದಲ್ಲ. ಅಕ್ಕನ ಗಂಡ, ನಮ್ಮ ಬಾವ ತಗೊಂಡಿದ್ದು. ಲ್ಯಾಂಡ್ ರೋವರ್ ಡಿಫೆಂಡರ್ 110, ಡೀಸೆಲ್. ನನ್ನ ಕೈಗೆ ಸ್ಟೇರಿಂಗ್ ಸಿಗುವುದು ಊಟ ಆಗಿ ಬಾವನಿಗೆ ಕಣ್ಣು ಎಳೆಯುವಾಗ ಮಾತ್ರ.

ಹೊರಟಿದ್ದು ಮಲೆನಾಡಿನ ಬಾವನ ಕಾಫಿ ತೋಟಕ್ಕೆ. ಇದು ಬೆಂಗಳೂರಿನ ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ಗಾಡಿ ಮೆಲ್ಲಗೆ ಕೆಳಗೆ ಇಳಿಯುತ್ತಿದೆ, ನೋಡಿ. ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ. ಹತ್ತಿ ಇಳಿಯುವವರಿಗೆ ಅಂತ ಐದು ಸೆಂಟಿಮೀಟರ್ ತಗ್ಗುತ್ತದೆ. ಅಕ್ಕ ಸೀರೆ ಉಟ್ಟಿದ್ದರೆ ಅದೂ ಸಾಲುವುದಿಲ್ಲ. ಈ ಶಾಟ್‌ನಲ್ಲಿ ಬಾವ ಗಾಡಿಯನ್ನು ಮುಂದಕ್ಕೆ ತೆಗೆಯುತ್ತಿರುವುದು ಹೊರಡಲಿಕ್ಕಲ್ಲ, ಬ್ಯಾಗ್ ಇಡಲಿಕ್ಕೆ. ಹಿಂದಿನ ಬಾಗಿಲು ಮೇಲಕ್ಕೆ ಎದ್ದೇಳುವುದಿಲ್ಲ, ಪಕ್ಕಕ್ಕೆ ತೆರೆಯುತ್ತದೆ. ಅದರ ಬೆನ್ನಿಗೆ ಸ್ಟೆಪ್ನಿ ಬೇರೆ. ಸ್ಟೆಪ್ನಿ ಸೇರಿ ಗಾಡಿಯ ಉದ್ದ ಐದು ಮೀಟರ್ ದಾಟುತ್ತದೆ. ಹಿಂದೆ ಗೋಡೆ ಇದ್ದರೆ ಬಾಗಿಲು ತೆಗೆಯುವುದಕ್ಕೇ ಜಾಗ ಇಲ್ಲ. ದಿನಾ ತರಕಾರಿ ಚೀಲ ಇಡಬೇಕಾದವರು ಶೋರೂಮಿನಲ್ಲಿ ಇದನ್ನು ಮೊದಲು ನೋಡಿ. ಟಚ್‌ಸ್ಕ್ರೀನ್ ಆಮೇಲೆ ನೋಡಬಹುದು.

ನೋಡೋಕೆ ಮಾತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಈಗ ನೆಲಮಂಗಲ ದಾಟಿದೆವು. ಟೋಲ್, ಟ್ರಾಫಿಕ್ ಎಲ್ಲ ಕತ್ತರಿಸಿದ್ದೇನೆ. ಈ ಉದ್ದದ ಶಾಟ್ ಇರುವಷ್ಟು ಹೊತ್ತು ದುಡ್ಡಿನ ವಿಷಯ ಮುಗಿಸೋಣ, ಎಲ್ಲರೂ ಕೇಳುವುದು ಅದನ್ನೇ.

ಈ ಹೊಸ ಡಿಫೆಂಡರ್ 2019ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಹೊರಬಂತು. ನಮ್ಮ ದೇಶಕ್ಕೆ ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ಆಗ 110ರ ಬೆಲೆ ಶುರುವಾಗಿದ್ದು ಎಂಬತ್ತು ಲಕ್ಷದ ಆಸುಪಾಸಿನಲ್ಲಿ. ಬಾವ ತಗೊಳ್ಳುವಷ್ಟರಲ್ಲಿ ಡೀಸೆಲ್ 110ರ ಬೆಲೆ ಒಂದು ಕೋಟಿ ದಾಟಿತ್ತು. ಅದು ಬರೀ ಶೋರೂಮ್ ಬೆಲೆ. ಅದರ ಮೇಲೆ ನಮ್ಮ ಕರ್ನಾಟಕದ ರಸ್ತೆ ತೆರಿಗೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಸೆಸ್ ಬೇರೆ. ಕೋಟಿಯ ಗಾಡಿಗೆ ಲೆಕ್ಕ ಹಾಕಿ. ತೆರಿಗೆ ಕಟ್ಟುವ ದುಡ್ಡಿನಲ್ಲಿ ಒಂದು ಫೋರ್ ವೀಲ್ ಡ್ರೈವ್ ಮಹೀಂದ್ರಾ ಥಾರ್ ಬರುತ್ತದೆ. ಆ ಥಾರ್ ಇದು ಹೋಗುವ ಹೆಚ್ಚಿನ ಜಾಗಕ್ಕೆಲ್ಲ ಹೋಗುತ್ತದೆ. ಈ ಮಾತು ಗಾಡಿಯೊಳಗೆ ಹೇಳಿದ್ದಕ್ಕೆ ಬಾವ ಎಫ್‌ಎಂ ಸೌಂಡ್ ಜಾಸ್ತಿ ಮಾಡಿದರು. ಇಷ್ಟಲ್ಲದೆ ಹತ್ತು ಲಕ್ಷ ಮೀರಿದ ಕಾರಿಗೆ ಶೇಕಡಾ 1 ಟಿಸಿಎಸ್, ಅಂದರೆ ಮಾರುವವರೇ ವಸೂಲು ಮಾಡುವ ತೆರಿಗೆ ಕಟ್ಟಬೇಕು. ಅದು ಆದಾಯ ತೆರಿಗೆ ಲೆಕ್ಕದಲ್ಲಿ ವಾಪಸ್ ಸಿಗುತ್ತದೆ ಬಿಡಿ, ಆದರೆ ಆ ಹೊತ್ತಿಗೆ ಕೈಯಿಂದ ಹೋಗುತ್ತದಲ್ಲ.

ಕೆಲವರು ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ತೆರಿಗೆ ಉಳಿಸುತ್ತಾರೆ. ಬೆಂಗಳೂರಿನ ಆರ್‌ಟಿಒದವರು ಅಂಥ ಗಾಡಿ ಹಿಡಿದು ನಿಲ್ಲಿಸಿದ ಸುದ್ದಿಯೂ ಆಗಾಗ ಬರುತ್ತದೆ. ಕೋಟಿ ಕೊಟ್ಟು ಗಾಡಿ ತಗೊಂಡು ಸಿಗ್ನಲ್‌ನಲ್ಲಿ ಪೊಲೀಸ್ ಕಂಡರೆ ತಲೆ ತಗ್ಗಿಸುವುದಾದರೆ ಏನು ಸುಖ?

ಇನ್ನೊಂದು ಪ್ರಶ್ನೆ. ಟಾಟಾದವರದೇ ಕಂಪನಿ ಅಲ್ವಾ, ಇಷ್ಟು ಬೆಲೆ ಯಾಕೆ? ಹೌದು, 2008ರಲ್ಲಿ ಫೋರ್ಡ್‌ನಿಂದ ಟಾಟಾ ಮೋಟಾರ್ಸ್ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತು. ಆದರೆ ಈ ಗಾಡಿ ತಯಾರಾಗುವುದು ಪುಣೆಯಲ್ಲೂ ಅಲ್ಲ, ಇಂಗ್ಲೆಂಡಿನಲ್ಲೂ ಅಲ್ಲ. ಸ್ಲೊವಾಕಿಯಾದ ನಿತ್ರಾ ಅನ್ನುವ ಊರಿನಲ್ಲಿ. ಅಲ್ಲಿಂದ ಪೂರ್ತಿ ಗಾಡಿಯಾಗಿಯೇ ಹಡಗು ಹತ್ತುತ್ತದೆ, ಇಲ್ಲಿ ಆಮದು ಸುಂಕ ಬೀಳುತ್ತದೆ. 2024ರಿಂದ ರೇಂಜ್ ರೋವರನ್ನು ಪುಣೆಯಲ್ಲಿ ಜೋಡಿಸಲು ಶುರು ಮಾಡಿದರು, ಅದರ ಬೆಲೆ ಇಳಿಯಿತು. ಡಿಫೆಂಡರಿಗೆ ಆಗ ಆ ಯೋಗ ಬರಲಿಲ್ಲ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಆದಾಗ ಬಾವನ ಗೆಳೆಯರೆಲ್ಲ ಫೋನ್ ಮಾಡಿ, ನಿಮ್ಮ ಗಾಡಿ ಇನ್ನು ಚೀಪ್ ಆಗುತ್ತಂತೆ ಅಂತ ಕಾಲೆಳೆದರು. ಸ್ಲೊವಾಕಿಯಾ ಬ್ರಿಟನ್‌ನಲ್ಲಿಲ್ಲ ಅಂತ ಒಬ್ಬೊಬ್ಬರಿಗೂ ಬಾವ ಭೂಗೋಳ ಪಾಠ ಮಾಡಿದರು. ಖುಷಿಯಿಂದಲೇ ಮಾಡಿದರು. ಆಮೇಲೆ ಅದೇ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ದೊಡ್ಡ ಎಸ್‌ಯುವಿಗಳಿಗೆ ಸೆಸ್ ಸೇರಿ ಶೇಕಡಾ 50 ಇದ್ದದ್ದು 40ಕ್ಕೆ ಇಳಿಯಿತು. ಬಾವ ಗಾಡಿ ತಗೊಂಡಿದ್ದು ಅದಕ್ಕಿಂತ ಮುಂಚೆ. ಆ ದಿನ ಯಾರ ಫೋನೂ ಎತ್ತಲಿಲ್ಲ ಅಂತ ಅಕ್ಕ ಹೇಳಿದಳು.

ಹಾಸನ ಬಂತು. ಇಲ್ಲಿಯವರೆಗೆ ಗಾಡಿಯ ಬಗ್ಗೆ ದೂರೇ ಇಲ್ಲ. ಮೂರು ಲೀಟರ್, ಆರು ಸಿಲಿಂಡರ್ ಡೀಸೆಲ್, ಮುನ್ನೂರು ಕುದುರೆ ಶಕ್ತಿ. ಎರಡು ಟನ್ನಿಗೂ ಹೆಚ್ಚು ತೂಕದ ಗಾಡಿ ಲಾರಿ ಹಿಂದೆ ಹಾಕುವಾಗ ಉಸಿರು ಕಟ್ಟುವುದೇ ಇಲ್ಲ. ಹೊಂಡಗಳು ಸುಮ್ನೆ ಕಾಲಡಿ ಹಾದು ಹೋಗುತ್ತವೆ. ಹಿಂದೆ ಕೂತ ಅಕ್ಕನಿಗೆ ಬೆನ್ನು ನೋವು ಇದೆ, ಅವಳೇ ಆರಾಮ ಅಂತ ಒಪ್ಪಿಕೊಂಡಳು. ನಾನು ಈ ಗಾಡಿಯನ್ನು ಶೋಕಿ ಅಂತ ಬೈಯುತ್ತಿದ್ದವಳು, ಬೇಲೂರಿನ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದ ಮೇಲೆ ಮಾತು ವಾಪಸ್ ತಗೊಂಡೆ. ಸ್ವಲ್ಪ ಹೊತ್ತಿಗೆ.

ಮೂಡಿಗೆರೆ ಹತ್ತಿರ ಬರುತ್ತಿದ್ದ ಹಾಗೆ ಸ್ಕ್ರೀನಿನಲ್ಲಿ ಹಳದಿ ದೀಪ ಬಂತು. ಹಿಂದಿನ ಎಡ ಟೈರಿನಲ್ಲಿ ಗಾಳಿ ಇಳಿಯುತ್ತಿದೆ. ಪಕ್ಕಕ್ಕೆ ಹಾಕಿದೆವು. ಇಲ್ಲಿ ಮಳೆ ನೋಡಿ. ಮೊಳೆ ಎದ್ದು ಕಾಣುತ್ತಿತ್ತು, ಟೈರಿನ ನಡುಪಟ್ಟಿಗೇ ಹೊಕ್ಕಿತ್ತು. ಬಾವ ಉತ್ಸಾಹದಿಂದ ಇಳಿದರು, ಸ್ಟೆಪ್ನಿ ಹಾಕೋಣ ಅಂತ. ಜಾಕಿ ಇದೆ, ಸ್ಪ್ಯಾನರ್ ಇದೆ. ಒಂದೊಂದು ಚಕ್ರದಲ್ಲಿ ಒಂದು ಲಾಕ್ ನಟ್ ಇರುತ್ತದೆ, ಯಾರೂ ಚಕ್ರ ಕದಿಯದಿರಲಿ ಅಂತ. ಅದನ್ನು ಬಿಚ್ಚಲಿಕ್ಕೆ ಹೆಬ್ಬೆರಳಿನ ಗಾತ್ರದ ಬೇರೆಯೇ ಸಾಕೆಟ್ ಬೇಕು. ಆ ಸಾಕೆಟ್ ಇಲ್ಲ!

ಟೂಲ್ ಚೀಲ ಬಗ್ಗಿ ಬಗ್ಗಿ ಹುಡುಕಿದರು. ಮ್ಯಾಟ್ ಎತ್ತಿದರು. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಅಕ್ಕನ ಹೇರ್‌ಕ್ಲಿಪ್, ಟೋಲ್ ರಸೀದಿ, ಯಾವುದೋ ಮದುವೆಯ ಕರೆಯೋಲೆ ಸಿಕ್ಕವು. ಕೊನೆಗೆ ನೆನಪಾಯಿತು. ಹೊರಡುವ ಮುಂಚೆ ಒಂದು ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚಿಸಿ ಬ್ಯಾಲೆನ್ಸಿಂಗ್ ಮಾಡಿಸಿದ್ದರು. ಅಲ್ಲಿಯವರು ಸಾಕೆಟ್ ವಾಪಸ್ ಇಟ್ಟಿಲ್ಲ. ಯಾವ ಅಂಗಡಿ ಅಂತ ಹೇಳುವುದಿಲ್ಲ, ಕೇಳಬೇಡಿ. ಫೋನ್ ಮಾಡಿದರೆ, ಹೌದು ಸಾರ್, ಇಲ್ಲೇ ಟೇಬಲ್ ಮೇಲಿದೆ, ಬಂದು ತಗೊಂಡು ಹೋಗಿ ಅಂದರು. ಬಂದು ತಗೊಂಡು ಹೋಗಿ! ಅವರು ಬೆಂಗಳೂರಿನಲ್ಲಿ, ನಾವು ಮೂಡಿಗೆರೆಯಲ್ಲಿ.

ಇನ್ಶೂರೆನ್ಸ್‌ನವರ ಸಹಾಯವಾಣಿಗೂ ಹಚ್ಚಿದೆವು. ಆ ಹುಡುಗಿ ಪಾಪ, ಚೆನ್ನಾಗಿಯೇ ಮಾತಾಡಿದಳು. ಲ್ಯಾಂಡ್‌ಮಾರ್ಕ್ ಹೇಳಿ ಅಂದಳು. ಎಡಕ್ಕೆ ಕಾಫಿ ತೋಟ, ಬಲಕ್ಕೆ ಕಾಫಿ ತೋಟ ಅಂತ ಬಾವ ಅಂದರು. ಟೋಯಿಂಗ್ ಗಾಡಿ ಬರಲಿಕ್ಕೆ ನಾಲ್ಕೈದು ಗಂಟೆ ಆಗಬಹುದಂತೆ. ಬಂಪರಿಗೆ, ಸೀಟಿಗೆ, ಕ್ಯಾಮೆರಾಗೆ ಅಷ್ಟು ದುಡ್ಡು ಸುರಿದು, ಒಂದು ಕಬ್ಬಿಣದ ತುಂಡಿಗಾಗಿ ಛತ್ರಿ ಹಿಡಿದು ನಿಂತೆವು. ತೂಬು ಮುಚ್ಚಿದ ಅಣೆಕಟ್ಟೆಯ ಹಾಗೆ ಬಾವನ ಮುಖ ಉಬ್ಬಿತ್ತು. ಆ ಶಾಟ್ ಇತ್ತು, ಅವರೇ ತೆಗೆಸಿದರು.

ಆಮೇಲೆ ಒಬ್ಬರು ಪಿಕಪ್‌ನಲ್ಲಿ ಬಂದು ನಿಲ್ಲಿಸಿದರು. "ಚಕ್ರ ಬಿಚ್ಚೋದ್ ಯಾಕ್ರೀ? ಹ್ಯಾಂಡ್‌ಪೋಸ್ಟ್ ಕಡೆ ಪಂಕ್ಚರ್ ಅಂಗಡಿ ಐತಿ, ಗಾಳಿ ಪೂರ್ತಿ ಹೋಗೋದ್ರೊಳಗೆ ಮೆಲ್ಲಗೆ ಹೋಗಿ." ಹೋದೆವು. ಅಂಗಡಿಯ ಹುಡುಗ ಗಾಡಿಯ ಸುತ್ತ ಒಂದು ಸಲ ಸುತ್ತಿದ. ಬಾವನಿಗೆ ಗಾಡಿಯನ್ನು ಗೇಣು ಗೇಣು ಮುಂದಕ್ಕೆ ತಗೊಳ್ಳಲು ಹೇಳಿದ, ಮೊಳೆ ಕೈಗೆ ಸಿಗುವ ಕಡೆ ತಿರುಗುವವರೆಗೆ. ಇಲ್ಲಿ ಹತ್ತಿರದಿಂದ ತೋರಿಸಿದ್ದೇನೆ. ಸೋಪ್ ನೀರು ಬಿಟ್ಟ, ಗುಳ್ಳೆ ಎದ್ದಿತು. ಇಕ್ಕಳದಲ್ಲಿ ಮೊಳೆ ಎಳೆದ, ಬುಸ್ ಅಂತು. ತೂತಿಗೆ ಅರ ಹಾಕಿ ತಿರುಗಿಸಿದ, ಸಲ್ಯೂಷನ್ ಮೆತ್ತಿದ ಸ್ಟ್ರಿಪ್ ಒತ್ತಿ ತೂರಿಸಿದ, ಹೊರಗೆ ಉಳಿದ ಬಾಲ ಬ್ಲೇಡಿನಲ್ಲಿ ಕೊಯ್ದ. ಗಾಳಿ ತುಂಬಿಸಿದ. ಚಕ್ರ ಬಿಚ್ಚಲೇ ಇಲ್ಲ. ನೂರೈವತ್ತು ರೂಪಾಯಿ.

ಬಾವ ಐನೂರು ಕೊಟ್ಟರು. ಹುಡುಗ ಚಿಲ್ಲರೆ ಎಣಿಸಿ ವಾಪಸ್ ಕೊಟ್ಟ. ನೋಟು ಜೇಬಿಗೆ ಹಾಕಿಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿದ, "ಸಾರ್, ಇದ್ರ ಒಂದು ಟೈರ್ ಎಷ್ಟಾಗುತ್ತೆ?" ಬಾವ ಹೇಳಿದರು. ಅವನು ಟೈರನ್ನು ಇನ್ನೊಂದು ಸಲ ನೋಡಿದ.

ಹೊಟ್ಟೆ ಹಸಿದಿತ್ತು. ಅಕ್ಕಿ ರೊಟ್ಟಿ, ಕಳಲೆ ಪಲ್ಯ ತಿಂದೆವು, ಮಳೆಗಾಲದ ಎಳೆ ಬಿದಿರು. ಕಳಲೆ ಸರಿಯಾಗಿ ನೀರಲ್ಲಿ ನೆನೆಸಿ ಆ ನೀರು ಚೆಲ್ಲದಿದ್ದರೆ... ಇಲ್ಲ, ಅದು ಬೇರೆ ವಿಡಿಯೋ. ಶಾಟ್ ಮುಗಿಯಿತು.

ತೋಟ. ಕೊನೆಗೂ ಆಫ್‌ರೋಡ್. ಇದಕ್ಕೇ ಅಲ್ವಾ ಈ ಗಾಡಿ ಹುಟ್ಟಿದ್ದು. 1948ರಲ್ಲಿ ಮೊದಲ ಲ್ಯಾಂಡ್ ರೋವರ್ ಬಂದಾಗ ಅದು ರೈತರ ಗಾಡಿ. ಯುದ್ಧ ಮುಗಿದು ಉಕ್ಕಿಗೆ ಬರ ಇತ್ತು ಅಂತ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಆ ಹಳೇ ಸಾಲಿನ ಕೊನೆಯ ಡಿಫೆಂಡರ್ 2016ರ ಜನವರಿಯಲ್ಲಿ ಸೊಲಿಹಲ್ ಕಾರ್ಖಾನೆಯಿಂದ ಹೊರಬಂತು. ಇದು ಬಾವನಿಗೆ ಬಾಯಿಪಾಠ. ತೋಟದ ಮೇಸ್ತ್ರಿಗೂ ಹೇಳಿ ಮುಗಿಸಿದ್ದಾರೆ.

ಬಾನೆಟ್ ಕೆಳಗಿನ ನೆಲ ಸ್ಕ್ರೀನಿನಲ್ಲಿ ಕಾಣುತ್ತಿದೆ, ನೋಡಿ. ಬಾನೆಟ್ಟೇ ಇಲ್ಲದ ಹಾಗೆ. ಏರು ಏರುವಾಗ ಆಕಾಶ ಬಿಟ್ಟು ಏನೂ ಕಾಣದು, ಆಗ ನಿಜಕ್ಕೂ ಉಪಯೋಗ. ಗಾಡಿ ಎತ್ತರಿಸಿದರೆ ನೆಲದಿಂದ 29 ಸೆಂಟಿಮೀಟರ್. ನೀರಿನಲ್ಲಿ 90 ಸೆಂಟಿಮೀಟರ್ ಆಳದವರೆಗೆ ಹೋಗುತ್ತದೆ ಅಂತ ಕಂಪನಿ ಹೇಳುತ್ತದೆ. ಅದನ್ನು ತೋರಿಸುತ್ತೇನೆ ಅಂತ ಹಳ್ಳಕ್ಕೆ ಇಳಿಸುವವರಿಗೆ ಒಂದು ಮಾತು. ಈ ಹಳ್ಳ ಬಾವನ ತೋಟದ್ದು. ಕಾಡಿನೊಳಗಿನ ತೊರೆಯಲ್ಲಿ ಗಾಡಿ ಓಡಿಸಿ ರೀಲ್ಸ್ ಮಾಡುವುದು ಅಪರಾಧ, ಕೇಸ್ ಹಾಕಿದರೆ ನನಗೇನೂ ಬೇಜಾರಿಲ್ಲ.

ಇಲ್ಲಿ ಸಿಕ್ಕಿಹಾಕಿಕೊಂಡೆವು. ಕೆಸರಿನಲ್ಲಿ ಅಲ್ಲ. ಗಾಡಿ ಎರಡು ಮೀಟರ್ ಅಗಲ. ತೋಟದ ದಾರಿ ಜೀಪಿನ ಅಳತೆಗೆ ಆದದ್ದು. ಎರಡೂ ಕಡೆ ರೋಬಸ್ಟಾ ಕಾಫಿ ಗಿಡ ರೆಕ್ಕೆ ಚಾಚಿದೆ. ಬಣ್ಣಕ್ಕೆ ಕೊಂಬೆ ಕೀರುವ ಸದ್ದಿಗೆ ಬಾವ ಬ್ರೇಕ್ ಒತ್ತಿದರು. ಕೆಳಗಿನಿಂದ ಪಕ್ಕದ ತೋಟದ ಗೌಡರು ಹಳೇ ಮಹೀಂದ್ರಾ ಜೀಪಿನಲ್ಲಿ ಬಂದರು. ಒಂದು ಹೆಡ್‌ಲೈಟ್ ಇಲ್ಲ, ಹಿಂದೆ ಗೊಬ್ಬರದ ಮೂಟೆ, ಮೇಲೆ ಇಬ್ಬರು ಆಳು. ನಮಗೆ ದಾರಿ ಬಿಡಲಿಕ್ಕೆ ಅವರೇ ಅಡಿಕೆ ಸಾಲಿನ ನಡುವೆ ಇಳಿಸಿದರು, ಹಾಗೇ ಹತ್ತಿಸಿಕೊಂಡು ಹೋದರು. "ಏನ್ ಬಾವಾ, ಮದುಮಗನ್ನ ಕರ್ಕೊಂಡ್ ಬಂದೀರಾ?" ಅಂತ ಕೇಳಿ ನಕ್ಕರು.

ಗೌಡರು ಬಡವರೇನಲ್ಲ. 2024ರಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಚೀಲಕ್ಕೆ ಹತ್ತು ಸಾವಿರ ದಾಟಿದಾಗ ಈ ಕಡೆ ಎಷ್ಟು ಹೊಸ ಗಾಡಿ ಬಂದವು ಅಂತ ಊರಿಗೇ ಗೊತ್ತು. ಅವರ ಮನೆಯಲ್ಲೂ ಒಂದು ಡಿಫೆಂಡರ್ ಇದೆ. ಅದು ಮಂಗಳೂರಿಗೆ, ಮದುವೆಗೆ, ಆಸ್ಪತ್ರೆಗೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಅದರಷ್ಟು ಧೈರ್ಯ ಕೊಡುವ ಗಾಡಿ ಬೇರೆ ಇಲ್ಲ ಅಂತಾರೆ. ತೋಟಕ್ಕೆ ಇಳಿಸುವುದಿಲ್ಲ. ನನಗೂ ಅದೇ ಸರಿ ಅನಿಸುತ್ತದೆ. ಹೊಂಡ ಬಿದ್ದ ಡಾಂಬರು ರಸ್ತೆಗೆ ಇದು ರಾಜ. ತೋಟಕ್ಕೆ ಬೇಡ. ಥಾರ್ ಸಾಕು ಅಂದೆನಲ್ಲ, ಅದೂ ಪೂರ್ತಿ ಸರಿಯಲ್ಲ, ಬೆಂಗಳೂರಿನಿಂದ ಇಲ್ಲಿವರೆಗೆ ಥಾರ್‌ನ ಹಿಂದಿನ ಸೀಟಿನಲ್ಲಿ ಅಕ್ಕ ಬರುತ್ತಿರಲಿಲ್ಲ.

ಒಂದು ಮರೆತೆ. ಡೀಸೆಲ್ ತಗೊಳ್ಳುವವರಿಗೆ. ಇದಕ್ಕೆ ಆಡ್‌ಬ್ಲೂ ಹಾಕಬೇಕು, ಹೊಗೆ ಶುದ್ಧ ಮಾಡುವ ಯೂರಿಯಾ ನೀರು. ಅದು ಮುಗಿಯುತ್ತಾ ಬಂದರೆ ಇನ್ನು ಇಷ್ಟು ಕಿಲೋಮೀಟರ್ ಅಂತ ಎಚ್ಚರಿಕೆ ಬರುತ್ತದೆ. ಪೂರ್ತಿ ಮುಗಿದರೆ ಒಮ್ಮೆ ಆಫ್ ಮಾಡಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಲಾರಿಗಳಿಗೂ ಅದೇ ಬೇಕಾದ್ದರಿಂದ ಹೈವೇ ಬಂಕ್‌ಗಳಲ್ಲಿ ಬಕೆಟ್‌ನಲ್ಲಿ ಸಿಗುತ್ತದೆ, ಗಾಬರಿ ಬೇಡ.

ಸಾಕೆಟ್ ಮರುದಿನ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು. ಕಂಡಕ್ಟರಿಗೆ ಕೊಟ್ಟು ಕಳಿಸಿದ ಪೊಟ್ಟಣದ ಮೇಲೆ ಟೈರ್ ಅಂಗಡಿಯವರು "ಗ್ಲಾಸ್, ಹುಷಾರು" ಅಂತ ಬರೆದಿದ್ದರು. ಯಾಕೆ ಅಂತ ಬಾವನಿಗೂ ಗೊತ್ತಿಲ್ಲ. ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಚಾರ್ಜ್ ಕೂಡ ಇಷ್ಟೇ ಉಳಿದಿದೆ, ಅಪ್‌ಲೋಡ್ ಮಾಡುತ್ತೇನೆ. ಮುಂದಿನ ವಿಡಿಯೋ ಕಳಲೆಯದು.