ಸುಡಲು ಹೋದ ಧ್ವನಿ, ನೋಡಲು ನಿಂತಿತು

ಎಲ್ಲರಿಗೂ ನಮಸ್ಕಾರ. ಅಲ್ಟ್ರಾಸೌಂಡ್ ಎಂದರೆ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ಎಂದೇ ನಮ್ಮಲ್ಲಿ ರೂಢಿ. ನಾನು ಹೇಳಹೊರಟಿರುವುದು ರಕ್ತನಾಳದೊಳಗೆ ನುಸುಳಿ ಹೃದಯದವರೆಗೂ ಹೋಗುವ ಅಲ್ಟ್ರಾಸೌಂಡಿನ ವಿಷಯ.

ಏಟ್ರಿಯಲ್ ಫೈಬ್ರಿಲೇಷನ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಅದುರುತ್ತಿರುತ್ತವೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಿದರೆ ಪಾರ್ಶ್ವವಾಯುವಿನ ಭಯ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಷೆಲ್ ಐಸಾಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಈ ತೊಂದರೆಗೆ ಕಿಡಿ ಹಚ್ಚುವ ಅಡ್ಡಮಿಡಿತಗಳು ಬಹುಪಾಲು ಶ್ವಾಸಕೋಶದ ಅಭಿಧಮನಿಗಳಿಂದ ಹೊರಡುತ್ತವೆ ಎಂದು ತೋರಿಸಿದರು. ಹಾಗಾದರೆ ಆ ನಾಳಗಳ ಬಾಯಿಯ ಸುತ್ತ ಸುಟ್ಟು, ಗಾಯದ ಬಳೆಯೊಂದನ್ನು ಮೂಡಿಸಿದರೆ ವಿದ್ಯುತ್ತಿನ ದಾರಿ ಮುಚ್ಚುತ್ತದೆ. ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆಯಾದ, ರೇಡಿಯೊ ತರಂಗದಿಂದ ಸುಡುವ ಕ್ಯಾತಿಟರ್‌ನಿಂದ ಇದನ್ನು ಚುಕ್ಕೆಚುಕ್ಕೆಯಾಗಿ ಮಾಡಬೇಕು. ನಡುವೆ ಒಂದು ಸಂದು ಉಳಿದರೂ ಪಟ್ಟ ಶ್ರಮ ವ್ಯರ್ಥವಾಗಬಹುದು.

ಅಲ್ಟ್ರಾಸೌಂಡಿನ ಧ್ವನಿಯಿಂದಲೇ ಸುಡುವ ಆಸೆ ಹುಟ್ಟಿದ್ದು ಇಲ್ಲಿಯೇ. ಧ್ವನಿ ರಕ್ತವನ್ನು ಸಲೀಸಾಗಿ ದಾಟುತ್ತದೆ, ಕ್ಯಾತಿಟರ್‌ನ ತುದಿ ಗೋಡೆಗೆ ಒತ್ತಿಕೊಂಡಿರಬೇಕೆಂದಿಲ್ಲ. ನಾಳದ ಬಾಯಿಗೆ ಬಲೂನೊಂದನ್ನು ಕೂರಿಸಿ ಒಂದೇ ಸಲಕ್ಕೆ ಇಡೀ ಬಳೆಯನ್ನು ಸುಡುವ ಪ್ರಯೋಗ ಮನುಷ್ಯರ ಮೇಲೆ ನಡೆದದ್ದು 2000ದಲ್ಲಿ ವರದಿಯಾಯಿತು. ಮುಂದೆ ಬಂದ ಸಾಧನದ ಜಾಣತನಕ್ಕೆ ನಾನು ಈಗಲೂ ತಲೆದೂಗುತ್ತೇನೆ: ಮುಂದಿನ ಬಲೂನಿನಲ್ಲಿ ದ್ರವ, ಹಿಂದಿನದರಲ್ಲಿ ಇಂಗಾಲದ ಡೈಆಕ್ಸೈಡ್. ಅನಿಲದ ಮೇಲ್ಮೈಗೆ ಬಡಿದ ಧ್ವನಿ ಹಿಮ್ಮರಳಿ, ಮುಂದೆ ಉಂಗುರದಾಕಾರದಲ್ಲಿ ಕೇಂದ್ರೀಕರಿಸುತ್ತದೆ.

ಆದರೆ ಅಭಿಧಮನಿಯ ಬಾಯಿ ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಅದಕ್ಕಿಂತ ದೊಡ್ಡ ತೊಡಕು, ಧ್ವನಿ ಹೃದಯದ ಗೋಡೆಯಲ್ಲೇ ನಿಲ್ಲಲಿಲ್ಲ. ಈ ನಾಳಗಳು ಬಂದು ಸೇರುವ ಎಡ ಹೃತ್ಕರ್ಣದ, ಅಂದರೆ ಎಡಬದಿಯ ಮೇಲಿನ ಕೋಣೆಯ, ಬೆನ್ನಿಗೆ ಅಂಟಿದಂತೆಯೇ ಅನ್ನನಾಳವಿದೆ. ಅಲ್ಲಿಗೂ ಶಾಖ ತಗುಲಿ, ದಿನಗಳೋ ವಾರಗಳೋ ಕಳೆದ ನಂತರ ಹೃದಯಕ್ಕೂ ಅನ್ನನಾಳಕ್ಕೂ ನಡುವೆ ತೂತು ಬಿದ್ದು ರೋಗಿಗಳು ಸತ್ತರು. ಅನ್ನನಾಳದೊಳಗೆ ಉಷ್ಣತಾಮಾಪಕ ಇಟ್ಟು ಕಾವಲು ಕಾದರೂ ಸಾವು ತಪ್ಪಲಿಲ್ಲ. ಆ ಬಲೂನು ಮೂಲೆ ಸೇರಿತು, ಸೇರಬೇಕಾದದ್ದೇ.

ಉಳಿದುಕೊಂಡದ್ದು ಸುಡದ ಅಲ್ಟ್ರಾಸೌಂಡ್. ಇಂದು ಹೃದಯ ಚಿಕಿತ್ಸೆಯ ಎಷ್ಟೋ ಲ್ಯಾಬುಗಳಲ್ಲಿ ಬಳಸುವ ಐಸ್ (ICE, ಅಂದರೆ ಹೃದಯದೊಳಗಿನಿಂದಲೇ ಅಲ್ಟ್ರಾಸೌಂಡ್ ಚಿತ್ರ ತೆಗೆಯುವ ಇಂಟ್ರಾಕಾರ್ಡಿಯಾಕ್ ಎಕೊಕಾರ್ಡಿಯಾಗ್ರಫಿ) ಕ್ಯಾತಿಟರ್ ಸುಮಾರು 3 ಮಿಲಿಮೀಟರ್ ದಪ್ಪ. ತುದಿಯಲ್ಲಿ ಧ್ವನಿ ಹೊಮ್ಮಿಸುವ, ಸಾಮಾನ್ಯವಾಗಿ 64 ಪುಟ್ಟ ಹರಳುಗಳ ಸಾಲು. ತೊಡೆಸಂದಿನ ಅಭಿಧಮನಿಯಿಂದ ಅದನ್ನು ಬಲ ಹೃತ್ಕರ್ಣಕ್ಕೆ ಏರಿಸುತ್ತಾರೆ. ಎಡಭಾಗಕ್ಕೆ ದಾಟಲು ನಡುವಿನ ಪೊರೆಯನ್ನು ಸೂಜಿಯಿಂದ ಚುಚ್ಚಬೇಕು. ಎಕ್ಸ್‌ರೇಯಲ್ಲಿ ಸೂಜಿ ಕಾಣುತ್ತದೆ, ಪೊರೆ ಕಾಣುವುದಿಲ್ಲ. ಐಸ್ ಪರದೆಯ ಮೇಲಾದರೆ ಸೂಜಿಯ ಮೊನೆಗೆ ಪೊರೆ ಗುಡಾರದಂತೆ ಉಬ್ಬುವುದು, ಮೊನೆ ದಾಟಿದ ಕ್ಷಣ ಅದು ಹಿಂದಕ್ಕೆ ಸರಿಯುವುದು ಎರಡೂ ಕಣ್ಣಿಗೆ ಬೀಳುತ್ತವೆ. ಹೃದಯದ ಸುತ್ತ ರಕ್ತ ಸೋರತೊಡಗಿದರೆ, ರಕ್ತದೊತ್ತಡ ಕುಸಿಯುವ ಮೊದಲೇ ಕಪ್ಪು ಅಂಚೊಂದು ಕಾಣಿಸಿಕೊಂಡು ಎಚ್ಚರಿಸುತ್ತದೆ. ಅನ್ನನಾಳ ಎಲ್ಲಿದೆ ಎಂದೂ ಅದೇ ಚಿತ್ರ ತೋರಿಸುತ್ತದೆ. ಎಕ್ಸ್‌ರೇ ಬಳಕೆ ತಗ್ಗುವುದರಿಂದ, ಸೀಸದ ಏಪ್ರನ್ ಹೊತ್ತು ಬೆನ್ನು ಸವೆಸಿಕೊಳ್ಳುವ ವೈದ್ಯರಿಗೂ ಲಾಭ.

ಈ ಕ್ಯಾತಿಟರ್ ಅಗ್ಗದ್ದಲ್ಲ, ಲಯ ತಪ್ಪಿದ ಪ್ರತಿ ಹೃದಯಕ್ಕೂ ಬೇಕೆಂದೂ ಇಲ್ಲ. ಬಲಭಾಗದಲ್ಲೇ ಮುಗಿಯುವ ಎಷ್ಟೋ ಸರಳ ಚಿಕಿತ್ಸೆಗಳು ಇದಿಲ್ಲದೆ ಚೆನ್ನಾಗಿಯೇ ನಡೆಯುತ್ತವೆ.